ಅಮೆರಿಕದ ಅಧ್ಯಕ್ಷ ಚುನಾವಣೆಯ ಪ್ರಚಾರವನ್ನು ರೋಲ್ ಪ್ಲೇ ಮಾಡಿಸಿ ಪಾಠ ಮಾಡಿದವರು ಇದ್ದೀರಾ?

ತಾಲ್ಲೂಕು ಕಾಲೇಜು ಮೇಡಂ:

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಈ ಸೆಮಿಸ್ಟರ್‌ನಲ್ಲಿ ಬೇರೆ ಬೇರೆ ದೇಶಗಳ ಸರ್ಕಾರ ಪದ್ಧತಿ ಇದೆ. ಅದರಲ್ಲಿ ಅಮೆರಿಕದ ಅಧ್ಯಕ್ಷರ ಚುನಾವಣೆ ಬರುತ್ತದೆ. ಪ್ರೈಮರಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ), ಪಕ್ಷದ ಸಮಾವೇಶ, ಎಲೆಕ್ಟೋರಲ್ ಕಾಲೇಜ್ (ಕೊನೆಗೆ ಅಧ್ಯಕ್ಷರನ್ನು ಆರಿಸುವ, ರಾಜ್ಯವಾರು ಎಲೆಕ್ಟರ್‌ಗಳ ಕೂಟ) ಎಲ್ಲವನ್ನೂ ಬೋರ್ಡ್ ಮೇಲೆ ಬರೆದರೆ ಮಕ್ಕಳು ಬರೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಅದನ್ನೇ ಬರೆದು ಅಂಕವನ್ನೂ ತೆಗೆಯುತ್ತಾರೆ. ಆದರೆ ಒಬ್ಬ ಅಭ್ಯರ್ಥಿ ಯಾಕೆ ಒಂದು ರಾಜ್ಯಕ್ಕೆ ಹತ್ತು ಸಲ ಹೋಗುತ್ತಾನೆ, ಪಕ್ಕದ ರಾಜ್ಯಕ್ಕೆ ಕಾಲೇ ಇಡುವುದಿಲ್ಲ ಅಂತ ಕೇಳಿದರೆ ತರಗತಿ ಮೌನ.

ಈ ಸಲ ರೋಲ್ ಪ್ಲೇ ಮಾಡಿಸೋಣ ಅಂತಿದ್ದೇನೆ. ಆದರೆ ನನಗೊಂದು ಭಯ ಇದೆ. ನಮ್ಮ ಕಡೆ ಚುನಾವಣೆ ಅಂತ ಪಾತ್ರ ಕೊಟ್ಟ ತಕ್ಷಣ ಮಕ್ಕಳು ಭಾಷಣಕ್ಕೆ ನಿಲ್ಲುತ್ತಾರೆ. ಕೈ ಮುಗಿಯೋದು, ಭರವಸೆ ಕೊಡೋದು, ಎದುರಾಳಿಯನ್ನು ಬೈಯೋದು. ಮಾತು ಬಲ್ಲ ಇಬ್ಬರು ಮಾತಾಡುತ್ತಾರೆ, ಮಿಕ್ಕವರು ಚಪ್ಪಾಳೆ ತಟ್ಟುತ್ತಾರೆ. ನನ್ನ ತರಗತಿಯಲ್ಲಿ ಸುಮಾರು 60 ಮಕ್ಕಳಿದ್ದಾರೆ, ಜಾಸ್ತಿ ಹುಡುಗಿಯರು. ಹಲವರು ಇಡೀ ವರ್ಷ ಬಾಯಿ ಬಿಡುವುದಿಲ್ಲ. ಅವರೂ ಮಾತಾಡಬೇಕು. ಯಾವ ಚುನಾವಣೆ ತೆಗೆದುಕೊಳ್ಳಲಿ? ಪಾತ್ರ ಹೇಗೆ ಹಂಚಲಿ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಹಳೇ ಮೇಷ್ಟ್ರು:

ಮೇಡಂ, ಈ ಪ್ರಶ್ನೆ ನೋಡಿ ಬಹಳ ಖುಷಿಯಾಯ್ತು. ನಾನು ನಿವೃತ್ತನಾದರೂ ಈ ಪಾಠದ ಆಸೆ ಹೋಗಿಲ್ಲ. ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲನೆಯದು, ಭಾಷಣ ಬೇಡವೇ ಬೇಡ. ವೇದಿಕೆ ತೆಗೆದುಬಿಡಿ. ಪ್ರಚಾರ ನಡೆಯುವುದು ವೇದಿಕೆಯ ಹಿಂದಿನ ಕೋಣೆಯಲ್ಲಿ. ನಾಳೆ ಎಲ್ಲಿಗೆ ಹೋಗಬೇಕು, ಯಾವುದರ ಬಗ್ಗೆ ಬಾಯಿ ಬಿಡಬೇಕು, ಯಾವುದರ ಬಗ್ಗೆ ಸುಮ್ಮನಿರಬೇಕು ಅಂತ ಐದಾರು ಜನ ಕೂತು ಜಗಳ ಆಡುತ್ತಾರಲ್ಲ, ಆ ಕೋಣೆಯನ್ನು ನಿಮ್ಮ ತರಗತಿಗೆ ತನ್ನಿ. ಮಕ್ಕಳಿಗೆ ಒಂದು ತಾರೀಖು ಕೊಡಿ. ಆ ದಿನದವರೆಗೆ ಗೊತ್ತಿದ್ದದ್ದು ಮಾತ್ರ ಅವರಿಗೂ ಗೊತ್ತಿರಲಿ. ಒಂದು ತೀರ್ಮಾನ ಆಗಲೇಬೇಕು ಅಂತ ಹೇಳಿ.

ಚುನಾವಣೆ ಅಂದರೆ ನಾನು ಕಣ್ಣು ಮುಚ್ಚಿ 1960 ಅನ್ನುತ್ತೇನೆ. ಡೆಮಾಕ್ರಟಿಕ್ ಪಕ್ಷದಿಂದ ಜಾನ್ ಕೆನಡಿ, ರಿಪಬ್ಲಿಕನ್ ಪಕ್ಷದಿಂದ ಆಗಿನ ಉಪಾಧ್ಯಕ್ಷ ರಿಚರ್ಡ್ ನಿಕ್ಸನ್. ಸುಮಾರು 6.8 ಕೋಟಿ ಮತಗಳಲ್ಲಿ ಇಬ್ಬರ ನಡುವಿನ ಅಂತರ 1.2 ಲಕ್ಷಕ್ಕಿಂತ ಕಡಿಮೆ. ರಾಜ್ಯ ಗೆದ್ದವರಿಗೆ ಸಾಮಾನ್ಯವಾಗಿ ಆ ರಾಜ್ಯದ್ದೆಲ್ಲ ಹೋಗುವ ಎಲೆಕ್ಟೋರಲ್ ಮತದಲ್ಲಿ ಮಾತ್ರ 303 ಮತ್ತು 219. ಈ ಎರಡು ಜೊತೆ ಸಂಖ್ಯೆಗಳನ್ನು ಬೋರ್ಡ್ ಮೇಲೆ ಅಕ್ಕಪಕ್ಕ ಬರೆದು ಏನೂ ಹೇಳದೆ ನಿಲ್ಲಿ. ಮಕ್ಕಳೇ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ. ಇನ್ನೊಂದು ಅನುಕೂಲವೂ ಇದೆ. ಈ ಇಬ್ಬರ ಅಭಿಮಾನಿಗಳು ನಮ್ಮ ತರಗತಿಯಲ್ಲಿ ಯಾರೂ ಇಲ್ಲ. ಈಗಿನ ಚುನಾವಣೆ ತೆಗೆದುಕೊಂಡರೆ ಮಕ್ಕಳು ಮೊಬೈಲ್‌ನಲ್ಲಿ ನೋಡಿದ್ದನ್ನೇ ಒಪ್ಪಿಸುತ್ತಾರೆ.

ಆ ಪ್ರಚಾರದಲ್ಲಿ ತೀರ್ಮಾನದ ಘಳಿಗೆಗಳು ಬೇಕಾದಷ್ಟಿವೆ. ಕೆನಡಿ ಕ್ಯಾಥೊಲಿಕ್. ಅಲ್ಲಿಯವರೆಗೆ ಯಾವ ಕ್ಯಾಥೊಲಿಕ್ಕನೂ ಅಧ್ಯಕ್ಷನಾಗಿರಲಿಲ್ಲ. 1928ರಲ್ಲಿ ಆಲ್ ಸ್ಮಿತ್ ನಿಂತು ಸೋತಿದ್ದರು. ಧರ್ಮದ ಮಾತನ್ನು ಎತ್ತಬೇಕೋ, ಮುಚ್ಚಿಡಬೇಕೋ? ಕೆನಡಿ ಸೆಪ್ಟೆಂಬರ್ 12ರಂದು ಹ್ಯೂಸ್ಟನ್‌ನಲ್ಲಿ ಪ್ರಾಟೆಸ್ಟಂಟ್ ಪಾದ್ರಿಗಳ ಎದುರೇ ಹೋಗಿ ನಿಂತರು, ಪ್ರಶ್ನೆಗಳನ್ನೂ ತೆಗೆದುಕೊಂಡರು. ಆಮೇಲೆ ಟಿ.ವಿ. ಚರ್ಚೆ. ಆಗ ನಿಕ್ಸನ್ ದೇಶಕ್ಕೆಲ್ಲ ಗೊತ್ತಿದ್ದವರು, ಎಂಟು ವರ್ಷದಿಂದ ಉಪಾಧ್ಯಕ್ಷರು. ತನಗಿಂತ ಕಡಿಮೆ ಹೆಸರಿನವನ ಜೊತೆ ಒಂದೇ ವೇದಿಕೆ ಹಂಚಿಕೊಳ್ಳಬೇಕಾ? ಬೇಡ ಅಂದವರು ಇದ್ದರು, ಆದರೆ ನಿಕ್ಸನ್ ಒಪ್ಪಿದರು. ಸೆಪ್ಟೆಂಬರ್ 26ರಂದು ಷಿಕಾಗೋದಲ್ಲಿ ಮೊದಲ ಚರ್ಚೆ. ನಿಕ್ಸನ್ ಮಂಡಿಯ ಪೆಟ್ಟಿಗೆ ಆಸ್ಪತ್ರೆ ಸೇರಿ ಆಗಷ್ಟೇ ಹೊರಬಂದಿದ್ದರು, ಸೊರಗಿದ್ದರು. ಬೂದು ಬಣ್ಣದ ಸೂಟು ಹಿಂದಿನ ಗೋಡೆಯ ಬಣ್ಣಕ್ಕೇ ಸೇರಿಹೋಗಿತ್ತು.

ರೇಡಿಯೋ ಕೇಳಿದವರು ನಿಕ್ಸನ್ ಗೆದ್ದರು ಅಂದರು, ಟಿ.ವಿ. ನೋಡಿದವರು ಕೆನಡಿ ಗೆದ್ದರು ಅಂದರು ಅಂತ ಎಲ್ಲ ಪುಸ್ತಕದಲ್ಲೂ ಇರುತ್ತದೆ. ಆ ಮಾತಿಗೆ ಆಧಾರ ಬಹಳ ತೆಳು. ಅದನ್ನು ಪಾಠವಾಗಿ ಹೇಳಬೇಡಿ, ಪರೀಕ್ಷೆ ಮಾಡಿಸಿ. ಅರ್ಧ ತರಗತಿಗೆ ಪಕ್ಕದ ಕೋಣೆಯಲ್ಲಿ ಬರೀ ಧ್ವನಿ, ಇನ್ನರ್ಧಕ್ಕೆ ಚಿತ್ರ ಸಮೇತ ಹತ್ತು ನಿಮಿಷ ತೋರಿಸಿ. ಆಮೇಲೆ ಎರಡೂ ಗುಂಪು ಚೀಟಿಯಲ್ಲಿ ಬರೆಯಲಿ. ಇಂಗ್ಲಿಷ್ ಕಷ್ಟ ಅನ್ನುವ ಮಕ್ಕಳಿಗೆ ಮೊದಲೇ ಕನ್ನಡದಲ್ಲಿ ಸಾರಾಂಶ ಕೊಟ್ಟಿರಿ.

ಆದರೆ ಒಂದೇ ಒಂದು ಘಳಿಗೆ ಆರಿಸಿ ಅಂದರೆ ನಾನು ಆರಿಸುವುದು ಅಕ್ಟೋಬರ್ ಕೊನೆಯ ವಾರ.

ಅಕ್ಟೋಬರ್ 19ರಂದು ಅಟ್ಲಾಂಟಾದ ಒಂದು ದೊಡ್ಡ ಅಂಗಡಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ವಿದ್ಯಾರ್ಥಿಗಳ ಜೊತೆ ಸತ್ಯಾಗ್ರಹಕ್ಕೆ ಕೂತರು. ಆ ಅಂಗಡಿ ಕಪ್ಪು ಜನರಿಗೆ ಬಟ್ಟೆ ಮಾರುತ್ತಿತ್ತು, ಆದರೆ ಬಿಳಿಯರ ಜೊತೆ ಕೂತು ಊಟ ಮಾಡಲು ಬಿಡುತ್ತಿರಲಿಲ್ಲ. ಪೊಲೀಸರು ಹಿಡಿದರು. ಉಳಿದವರನ್ನು ಬಿಟ್ಟರೂ ಕಿಂಗ್ ಅವರನ್ನು ಬಿಡಲಿಲ್ಲ. ಹಿಂದಿನ ಒಂದು ಡ್ರೈವಿಂಗ್ ಲೈಸೆನ್ಸ್ ಕೇಸನ್ನು ನೆಪ ಮಾಡಿ ನಾಲ್ಕು ತಿಂಗಳ ಕಠಿಣ ಶಿಕ್ಷೆ ಹಾಕಿದರು. ರಾತ್ರೋರಾತ್ರಿ ದೂರದ ರೀಡ್ಸ್‌ವಿಲ್ ಜೈಲಿಗೆ ಸಾಗಿಸಿದರು. ಹೆಂಡತಿ ಕೊರೆಟಾ ಗರ್ಭಿಣಿ. ಗಂಡ ಜೀವಂತ ಬರುತ್ತಾನೋ ಇಲ್ಲವೋ ಅನ್ನುವ ಭಯ ಆಕೆಗೆ. ಮತದಾನಕ್ಕೆ ಎರಡು ವಾರವೂ ಇಲ್ಲ.

ಈಗ ಮಕ್ಕಳನ್ನು ಕೂರಿಸಿ. ತಾರೀಖು ಅಕ್ಟೋಬರ್ 26. ಪ್ರಶ್ನೆ ಇಷ್ಟೇ: ನಮ್ಮ ಅಭ್ಯರ್ಥಿ ಆ ಹೆಣ್ಣುಮಗಳಿಗೆ ಫೋನ್ ಮಾಡಬೇಕಾ, ಬೇಡವಾ?

60 ಮಕ್ಕಳನ್ನು ಆರಾರು ಜನರ ಹತ್ತು ಗುಂಪು ಮಾಡಿ. ಐದು ಗುಂಪು ಕೆನಡಿ ಕೋಣೆ, ಐದು ನಿಕ್ಸನ್ ಕೋಣೆ. ಎಲ್ಲವೂ ಒಂದೇ ಹೊತ್ತಿಗೆ ನಡೆಯಲಿ. ಗಲಾಟೆ ಆಗುತ್ತದೆ, ಆಗಲಿ. ಪ್ರತಿಯೊಬ್ಬರ ಕೈಗೂ ಅರ್ಧ ಪುಟದ ಚೀಟಿ ಕೊಡಿ. ಅದರಲ್ಲಿ ಅವರು ಯಾರು, ಅವರಿಗೆ ಏನು ಬೇಕು, ಬೇರೆಯವರಿಗೆ ಗೊತ್ತಿಲ್ಲದ ಯಾವ ವಿಷಯ ಅವರಿಗೆ ಮಾತ್ರ ಗೊತ್ತು ಅಂತ ಇರಲಿ. ಆ ಕೊನೆಯದು ಮುಖ್ಯ. ತನ್ನ ಹತ್ತಿರ ಮಾತ್ರ ಇರುವ ಸುದ್ದಿಯನ್ನು ಹೇಳದಿದ್ದರೆ ಗುಂಪಿನ ತೀರ್ಮಾನವೇ ಕೆಡುತ್ತದೆ ಅಂತ ಗೊತ್ತಾದಾಗ ಬಾಯಿ ಬಿಡದ ಹುಡುಗಿಯೂ ಮಾತಾಡುತ್ತಾಳೆ. ನಾನು ಇದನ್ನು ಮತ್ತೆ ಮತ್ತೆ ಕಣ್ಣಾರೆ ಕಂಡಿದ್ದೇನೆ.

ಕೆನಡಿ ಕೋಣೆಯಲ್ಲಿ ಯಾರ್ಯಾರು? ಪ್ರಚಾರದ ಹೊಣೆ ಹೊತ್ತ ತಮ್ಮ ರಾಬರ್ಟ್ ಕೆನಡಿ. ಕಪ್ಪು ಜನರನ್ನು ಆಗ ಬೇರೆಯಾಗಿಯೇ ಇಡುತ್ತಿದ್ದ ದಕ್ಷಿಣದ ರಾಜ್ಯಗಳ ನಾಯಕರನ್ನು ನೋಡಿಕೊಳ್ಳುವವರು ಒಬ್ಬರು. ಕಿಂಗ್ ಪರ ನಿಂತರೆ ನಮ್ಮ ರಾಜ್ಯ ಕೈಬಿಡುತ್ತದೆ ಅಂತ ದಕ್ಷಿಣದ ಗವರ್ನರ್‌ಗಳು ಎಚ್ಚರಿಸಿದ್ದಾರೆ ಅನ್ನುವುದು ಅವರ ಚೀಟಿಯಲ್ಲಿರಲಿ. ನಾಗರಿಕ ಹಕ್ಕುಗಳ ವಿಷಯ ನೋಡಿಕೊಳ್ಳುವ ಹ್ಯಾರಿಸ್ ವಾಫರ್ಡ್. ಫೋನ್ ಮಾಡಿಸುವ ಯೋಚನೆ ಇವರದ್ದು. ಗಾಂಧೀಜಿಯ ದಾರಿಯನ್ನು ತಿಳಿಯಲು ನಮ್ಮ ದೇಶಕ್ಕೆ ಬಂದು ಹೋದವರು ಅವರು. ಇದು ಗೊತ್ತಾದಾಗ ನಮ್ಮ ಮಕ್ಕಳ ಮುಖ ನೋಡಬೇಕು ನೀವು! ಆಮೇಲೆ ಕೆನಡಿಯ ತಂಗಿಯ ಗಂಡ ಸಾರ್ಜೆಂಟ್ ಶ್ರೈವರ್. ಪತ್ರಿಕೆಯವರನ್ನು ನೋಡಿಕೊಳ್ಳುವವರು ಒಬ್ಬರು. ಆರನೆಯವರು ಅಭ್ಯರ್ಥಿ.

ಅಭ್ಯರ್ಥಿಯ ಪಾತ್ರವನ್ನು ಅತಿ ಕಡಿಮೆ ಮಾತಾಡುವ ವಿದ್ಯಾರ್ಥಿಗೆ ಕೊಡಿ. ಅವರು ವಾದ ಮಾಡುವಂತಿಲ್ಲ. ಎಲ್ಲರಿಗೂ ಪ್ರಶ್ನೆ ಕೇಳಬೇಕು, ಕೊನೆಗೆ ಎದ್ದು ನಿಂತು ಎರಡು ವಾಕ್ಯದಲ್ಲಿ ತೀರ್ಮಾನ ಹೇಳಬೇಕು. ಮಾತಿನ ಮಲ್ಲರಿಗೆ ಚೀಟಿಗೆ ಕಟ್ಟುಬಿದ್ದ ಪಾತ್ರ ಕೊಡಿ.

ನಿಕ್ಸನ್ ಕೋಣೆಯನ್ನು ಹಗುರ ಮಾಡಬೇಡಿ. ಅವರು ಕೆಟ್ಟವರು, ಇವರು ಒಳ್ಳೆಯವರು ಅಂತ ಪಾತ್ರ ಬರೆದರೆ ಪಾಠ ಸತ್ತುಹೋಗುತ್ತದೆ. ನಿಕ್ಸನ್‌ಗೆ ಕಿಂಗ್ ಪರಿಚಯವಿತ್ತು. 1957ರ ನಾಗರಿಕ ಹಕ್ಕುಗಳ ಕಾಯ್ದೆಯ ಪರ ಕೆಲಸ ಮಾಡಿದ್ದರು. ಕಪ್ಪು ಜನಾಂಗದ ಬೇಸ್‌ಬಾಲ್ ಆಟಗಾರ ಜಾಕಿ ರಾಬಿನ್ಸನ್ ನಿಕ್ಸನ್ ಪರ ಪ್ರಚಾರದಲ್ಲಿದ್ದರು, ಏನಾದರೂ ಮಾತಾಡಿ ಅಂತ ಒತ್ತಾಯ ಮಾಡಿದ್ದರು. ಕಿಂಗ್ ಅವರ ತಂದೆ ಕೂಡ ಆಗ ನಿಕ್ಸನ್ ಪರವೇ ಇದ್ದರು. ಇನ್ನೊಂದು ಕಡೆ, ಅಭ್ಯರ್ಥಿಯಾದವನು ನ್ಯಾಯಾಧೀಶರ ಕೆಲಸದಲ್ಲಿ ಕೈ ಹಾಕುವುದು ಸರಿಯಲ್ಲ ಅನ್ನುವ ವಕೀಲನ ಲೆಕ್ಕವಿತ್ತು. ದಕ್ಷಿಣದ ಬಿಳಿಯರ ಮತ ಈ ಸಲ ಒಡೆಯಬಹುದು ಅನ್ನುವ ಆಸೆಯೂ ಇತ್ತು. ಇಷ್ಟನ್ನೂ ಮೇಜಿನ ಮೇಲೆ ಇಟ್ಟರೆ ಮಕ್ಕಳಿಗೆ ನಿಜವಾಗಿಯೂ ಕಷ್ಟವಾಗುತ್ತದೆ. ಕಷ್ಟ ಆಗಬೇಕು.

25 ನಿಮಿಷ ಸಾಕು. ಆಮೇಲೆ ಹತ್ತೂ ಗುಂಪಿನ ತೀರ್ಮಾನ ಬೋರ್ಡ್ ಮೇಲೆ ಬರಲಿ. ಒಂದೇ ಚೀಟಿ ಓದಿದ ಐದು ಕೆನಡಿಗಳು ಒಂದೇ ತೀರ್ಮಾನಕ್ಕೆ ಬರುವುದಿಲ್ಲ. ಹಾಗಾಗಿಯೇ ನಾನು ಒಂದೇ ದೊಡ್ಡ ಆಟ ಆಡಿಸುವುದಕ್ಕಿಂತ ಹತ್ತು ಸಣ್ಣ ಕೋಣೆ ಮಾಡಿ ಅನ್ನುವುದು. ಚರಿತ್ರೆ ಬೇರೆ ಥರವೂ ಆಗಬಹುದಿತ್ತು ಅನ್ನೋದು ಮಕ್ಕಳಿಗೆ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಕೊನೆಗೆ ನಿಜವಾಗಿ ಆದದ್ದನ್ನು ಹೇಳಿ. ಕೆನಡಿ ಫೋನ್ ಮಾಡಿದರು. ಚಿಕ್ಕ ಮಾತುಕತೆ. ತಮ್ಮನಿಗೆ ಮೊದಲು ಕೋಪ ಬಂತು, ಆಮೇಲೆ ಅವರೇ ನ್ಯಾಯಾಧೀಶರಿಗೆ ಫೋನ್ ಮಾಡಿದರು. ಮರುದಿನ ಕಿಂಗ್ ಹೊರಬಂದರು. ನಿಕ್ಸನ್ ಸುಮ್ಮನಿದ್ದರು. ಕಿಂಗ್ ಅವರ ತಂದೆ ಕೆನಡಿ ಕಡೆ ಬಂದರು. ಮತದಾನಕ್ಕೆ ಮುಂಚಿನ ಭಾನುವಾರ ಕಪ್ಪು ಜನರ ಚರ್ಚುಗಳಲ್ಲಿ ಈ ಫೋನ್ ಕತೆ ಹೇಳುವ ನೀಲಿ ಕಾಗದದ ಕರಪತ್ರ ಹಂಚಿದರು. ನವೆಂಬರ್ 8ರಂದು ಇಲಿನಾಯ್ ರಾಜ್ಯ ಕೆನಡಿಗೆ ಬಂದದ್ದು ಸುಮಾರು 9 ಸಾವಿರ ಮತದ ಅಂತರದಲ್ಲಿ. ಅಲ್ಲಿದ್ದದ್ದು 27 ಎಲೆಕ್ಟೋರಲ್ ಮತ. ಗೊತ್ತಿರಲಿ, ದಕ್ಷಿಣದ ಜಾರ್ಜಿಯಾ ಕೂಡ ಕೆನಡಿಗೇ ಬಂತು.

ಫೋನ್‌ನಿಂದಲೇ ಗೆದ್ದರು ಅಂತ ಮಾತ್ರ ಬರೆಸಬೇಡಿ. ಇಷ್ಟು ಸಣ್ಣ ಅಂತರದಲ್ಲಿ ಹತ್ತು ಕಾರಣಗಳು ತಾನೇ ಗೆಲ್ಲಿಸಿದ್ದು ಅಂತ ಕೈ ಎತ್ತುತ್ತವೆ.

ಹೊಸ ಲೆಕ್ಚರರ್:

ಸರ್, ಓದಿ ಮೈ ಜುಮ್ಮೆಂದಿತು. ಆದರೆ ಒಂದು ವಿಷಯ ಕೇಳಲೇಬೇಕು. ನಾನು ದಲಿತ ಕುಟುಂಬದಿಂದ ಬಂದವನು. ನನ್ನ ತರಗತಿಯ ಅರ್ಧದಷ್ಟು ಮಕ್ಕಳೂ ಹಾಗೇ. ಊಟಕ್ಕೆ ಜೊತೆಯಲ್ಲಿ ಕೂರಿಸದ ಕತೆ ನಮಗೆ ಅಮೆರಿಕದ್ದಲ್ಲ. ಅಲ್ಲಿ ಯಾರೋ ಒಬ್ಬ ವಿದ್ಯಾರ್ಥಿ ದಕ್ಷಿಣದ ಗವರ್ನರ್ ಪಾತ್ರದಲ್ಲಿ ಅವರಿಗೆ ಸಹಾಯ ಮಾಡಬೇಡಿ ಅಂತ ಹುರುಪಿನಿಂದ ವಾದಿಸಿದರೆ, ಪಕ್ಕದಲ್ಲಿ ಕೂತ ಹುಡುಗಿಗೆ ಹೇಗಾಗಬೇಕು? ಪಾತ್ರ ಅಂತ ಹೇಳಿದರೂ ಮಾತು ಮಾತೇ ಅಲ್ವಾ? ಕಿಂಗ್ ಪಾತ್ರ ಯಾರಿಗೆ ಕೊಡುತ್ತೀರಿ?

ಹಳೇ ಮೇಷ್ಟ್ರು:

ನೀವು ಕೇಳಿದ್ದು ಈ ಇಡೀ ಪಾಠದ ಅತಿ ಮುಖ್ಯ ಪ್ರಶ್ನೆ. ಕೇಳಿದ್ದಕ್ಕೆ ಧನ್ಯವಾದ.

ಕಿಂಗ್ ಪಾತ್ರ ಯಾರಿಗೂ ಕೊಡುವುದಿಲ್ಲ. ಕೊರೆಟಾ ಪಾತ್ರವನ್ನೂ ಕೊಡುವುದಿಲ್ಲ. ಅವರ ನೋವನ್ನು ಯಾರೂ ಅಭಿನಯಿಸಬೇಕಾಗಿಲ್ಲ. ದಕ್ಷಿಣದ ನಾಯಕರ ಚೀಟಿಯಲ್ಲಿ ಮತದ ಲೆಕ್ಕ ಮಾತ್ರ ಇರಬೇಕು: ಯಾವ ರಾಜ್ಯ, ಎಷ್ಟು ಎಲೆಕ್ಟೋರಲ್ ಮತ, ಕೈಬಿಟ್ಟರೆ ಏನಾಗುತ್ತದೆ. ಜನಾಂಗದ ಬಗ್ಗೆ ಒಂದು ಮಾತೂ ಆಡುವಂತಿಲ್ಲ ಅಂತ ಆಟ ಶುರುವಾಗುವ ಮೊದಲೇ ಹೇಳಬೇಕು. ಆ ಪಾತ್ರ ಬೇಡ ಅನ್ನುವ ವಿದ್ಯಾರ್ಥಿಗೆ ಕಾರಣ ಕೇಳದೆ ಬದಲಿಸಿಕೊಡಬೇಕು.

ಆಟ ಮುಗಿದ ಮೇಲೆ ಚೀಟಿಗಳನ್ನು ವಾಪಸ್ ತೆಗೆದುಕೊಳ್ಳಿ, ಬೆಂಚು ಬದಲಿಸಿ ಕೂರಿಸಿ. ಇನ್ನು ಮೇಲೆ ನೀವು ನೀವೇ ಅಂತ ಹೇಳಿ. ಆಮೇಲಿನ ಚರ್ಚೆಗೆ ಆಟಕ್ಕೆ ಕೊಟ್ಟಷ್ಟೇ ಹೊತ್ತು ಕೊಡಿ. ಸಮಯ ಇಲ್ಲದಿದ್ದರೆ ಮರುದಿನದ ಇಡೀ ಪೀರಿಯಡ್ ಅದಕ್ಕೇ ಇರಲಿ. ಅಲ್ಲಿ ನಾನು ಕೇಳುವ ಮೊದಲ ಪ್ರಶ್ನೆ ಇದು: ಇಷ್ಟು ಹೊತ್ತು ಯಾರ ಜೀವದ ಬಗ್ಗೆ ಮಾತಾಡಿದಿರಿ? ಅವರು ನಿಮ್ಮ ಕೋಣೆಯಲ್ಲಿ ಯಾಕೆ ಇರಲಿಲ್ಲ? ಮತದ ಲೆಕ್ಕದಲ್ಲಿ ಮುಳುಗಿದ ಮಕ್ಕಳು ಅಲ್ಲಿ ತಡವರಿಸುತ್ತಾರೆ. ನಿಮ್ಮ ತರಗತಿಯ ಮಕ್ಕಳು ತಡವರಿಸುವುದಿಲ್ಲ ಅನಿಸುತ್ತದೆ. ಅವರ ಹತ್ತಿರ ಹೇಳಲು ಜಾಸ್ತಿಯೇ ಇರುತ್ತದೆ. ಆದರೆ ತಮ್ಮ ಮನೆಯ ಅನುಭವ ಹೇಳಿ ಅಂತ ಯಾರನ್ನೂ ಒತ್ತಾಯಿಸಬೇಡಿ. ತಾವಾಗಿ ಹೇಳಿದರೆ ಕೇಳಿಸಿಕೊಳ್ಳಿ.

ಕೊಲಂಬಸ್ ಕನ್ನಡತಿ:

ನಮಸ್ಕಾರ. ನಾನು ಅಮೆರಿಕದ ಒಹಾಯೋ ರಾಜ್ಯದಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಹಳೇ ಚುನಾವಣೆ ಆರಿಸಿ ಅನ್ನುವ ಮೇಷ್ಟ್ರ ಮಾತಿಗೆ ನನ್ನದೂ ಒಪ್ಪಿಗೆ. ಇಲ್ಲಿ ಮನೆ ಮನೆಯಲ್ಲೂ ಪಕ್ಷದ ವಿಷಯಕ್ಕೆ ಮನಸ್ತಾಪ. ಈಗಿನ ಅಭ್ಯರ್ಥಿಗಳ ಪಾತ್ರ ಕೊಟ್ಟರೆ ಮಕ್ಕಳು ಅಪ್ಪ ಅಮ್ಮನ ಜಗಳವನ್ನೇ ತರಗತಿಗೆ ತರುತ್ತಾರೆ.

ಮೇಡಂ ಕೇಳಿದ ಮೊದಲ ಪ್ರಶ್ನೆಗೆ, ಒಂದು ರಾಜ್ಯಕ್ಕೆ ಯಾಕೆ ಜಾಸ್ತಿ ಹೋಗುತ್ತಾರೆ ಅನ್ನೋದಕ್ಕೆ, 1960ರಲ್ಲೇ ಒಳ್ಳೆಯ ಘಟನೆ ಇದೆ. ಜುಲೈನಲ್ಲಿ ಪಕ್ಷದ ಸಮಾವೇಶದಲ್ಲಿ ನಿಕ್ಸನ್ 50 ರಾಜ್ಯಗಳಿಗೂ ಹೋಗುತ್ತೇನೆ ಅಂತ ಮಾತು ಕೊಟ್ಟರು. ಅಲಾಸ್ಕಾ, ಹವಾಯಿ ಎರಡೂ ಹಿಂದಿನ ವರ್ಷ ತಾನೇ ರಾಜ್ಯಗಳಾಗಿದ್ದವು. ಕೊನೆಯ ಭಾನುವಾರ ಬಂತು. ಅಲಾಸ್ಕಾ ಇನ್ನೂ ಬಾಕಿ. ಅಲ್ಲಿರುವುದು 3 ಎಲೆಕ್ಟೋರಲ್ ಮತ. ನ್ಯೂಯಾರ್ಕ್‌ನಲ್ಲಿ 45, ಪೆನ್ಸಿಲ್ವೇನಿಯಾದಲ್ಲಿ 32, ಇಲಿನಾಯ್‌ನಲ್ಲಿ 27, ಟೆಕ್ಸಾಸ್‌ನಲ್ಲಿ 24. ಕೊಟ್ಟ ಮಾತು ಉಳಿಸಿಕೊಳ್ಳಬೇಕಾ, ದೊಡ್ಡ ರಾಜ್ಯಗಳಿಗೆ ಹೋಗಬೇಕಾ? ಈ ಆಟಕ್ಕೆ 15 ನಿಮಿಷ ಸಾಕು, ಯಾರ ಮನಸ್ಸಿಗೂ ನೋವಾಗುವುದಿಲ್ಲ. ಇದನ್ನು ಮೊದಲು ಆಡಿಸಿ, ಕಿಂಗ್ ವಿಷಯ ಆಮೇಲೆ ಬರಲಿ. ನಿಕ್ಸನ್ ಅಲಾಸ್ಕಾಗೆ ಹೋದರು. ಅದನ್ನು ಗೆದ್ದರು ಕೂಡ. ಆದರೆ ನಾನು ಮೇಲೆ ಹೇಳಿದ ನಾಲ್ಕೂ ದೊಡ್ಡ ರಾಜ್ಯಗಳು ಕೆನಡಿಯ ಪಾಲಾದವು.

ಇನ್ನೊಂದು ಸಣ್ಣ ಉಪಾಯ. ತರಗತಿಯ ಪ್ರತಿ ವಿದ್ಯಾರ್ಥಿಗೂ ಒಂದೊಂದು ರಾಜ್ಯ ಕೊಟ್ಟು, ಆ ರಾಜ್ಯದ ಎಲೆಕ್ಟೋರಲ್ ಮತವನ್ನು ದೊಡ್ಡದಾಗಿ ಬರೆದ ಹಾಳೆಯನ್ನು ಕೈಗೆ ಕೊಡಿ. ಫಲಿತಾಂಶದ ದಿನ ಗೆದ್ದವರ ಕಡೆ ಎದ್ದು ಹೋಗಿ ನಿಲ್ಲಲಿ. 537ರಲ್ಲಿ 269 ಬೇಕು. ನಮ್ಮ ಒಹಾಯೋ 25 ಮತ ಹಿಡಿದುಕೊಂಡು ನಿಕ್ಸನ್ ಕಡೆ ಹೋಗುತ್ತದೆ. ಗೆದ್ದವರ ಜೊತೆಯೇ ಇರುತ್ತದೆ ಅಂತ ಹೆಸರಾದ ರಾಜ್ಯ ಆ ಸಲ ಸೋತವರ ಜೊತೆ ನಿಂತಿತ್ತು. ಮಿಸಿಸಿಪ್ಪಿಯ 8 ಮತ ಇಬ್ಬರ ಕಡೆಯೂ ಹೋಗುವುದಿಲ್ಲ. ಅಲ್ಲಿನ ಎಲೆಕ್ಟರ್‌ಗಳು ಸ್ಪರ್ಧೆಯಲ್ಲೇ ಇರದಿದ್ದ ಹ್ಯಾರಿ ಬರ್ಡ್ ಅನ್ನುವ ಸೆನೆಟರ್‌ಗೆ ಹಾಕಿದರು. ಅಲಬಾಮಾದ 6, ಒಕ್ಲಹೋಮಾದ 1 ಸೇರಿ ಅವರಿಗೆ ಒಟ್ಟು 15. ಎಲೆಕ್ಟರ್ ಅಂದರೆ ಯಾರು ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗಂತೂ ಬೇರೆ ದಾರಿ ಸಿಕ್ಕಿಲ್ಲ.

ಸಾಮಗ್ರಿ ಬೇಕಿದ್ದರೆ ಬಾಸ್ಟನ್‌ನಲ್ಲಿರುವ ಕೆನಡಿ ಗ್ರಂಥಾಲಯದ ಜಾಲತಾಣದಲ್ಲಿ ಆ ಪ್ರಚಾರದ ಭಾಷಣಗಳು ಉಚಿತವಾಗಿ ಸಿಗುತ್ತವೆ.

ತಾಲ್ಲೂಕು ಕಾಲೇಜು ಮೇಡಂ:

ಎಲ್ಲರಿಗೂ ತುಂಬಾ ಧನ್ಯವಾದ. ಮೊದಲ ದಿನ ಅಲಾಸ್ಕಾ, ಎರಡನೇ ದಿನ ಫೋನ್, ಮೂರನೇ ದಿನ ಪೂರ್ತಿ ಚರ್ಚೆ, ನಾಲ್ಕನೇ ದಿನ ಫಲಿತಾಂಶ ಅಂತ ಇಟ್ಟುಕೊಳ್ಳುತ್ತೇನೆ. ಚೀಟಿಗಳನ್ನು ಈ ವಾರ ಕನ್ನಡದಲ್ಲಿ ಬರೆಯುತ್ತೇನೆ. ಬರೆದು ಇಲ್ಲೇ ಹಾಕುತ್ತೇನೆ, ಬೇಕಾದವರು ಬಳಸಿಕೊಳ್ಳಿ. ಲೆಕ್ಚರರ್ ಸರ್, ಕಿಂಗ್ ವಿಷಯದ ಚೀಟಿಗಳನ್ನು ನೀವು ಒಮ್ಮೆ ಓದಿ ಹೇಳಿದರೆ ನನಗೆ ಧೈರ್ಯ.

ಒಂದು ಅನುಮಾನ. 50 ರಾಜ್ಯ ಹಂಚಿದ ಮೇಲೂ ಹತ್ತು ಮಕ್ಕಳು ಉಳಿಯುತ್ತಾರೆ. ಅವರಿಗೆ ಏನು ಕೆಲಸ ಕೊಡಲಿ?

ಹೊಸ ಲೆಕ್ಚರರ್:

ಖಂಡಿತ ಓದುತ್ತೇನೆ ಮೇಡಂ. ಕಳಿಸಿ.

ಕೊಲಂಬಸ್ ಕನ್ನಡತಿ:

ಹವಾಯಿಗೆ ಒಬ್ಬರ ಬದಲು ಆರು ಜನರನ್ನು ಹಾಕಿ. ಅಲ್ಲಿ ಮೊದಲು ನಿಕ್ಸನ್ ಗೆದ್ದರು ಅಂದರು, ಆಮೇಲೆ ಮರು ಎಣಿಕೆ ನಡೆಯಿತು. ಎರಡೂ ಪಕ್ಷದ ಮೂರು ಮೂರು ಎಲೆಕ್ಟರ್‌ಗಳು ಡಿಸೆಂಬರ್‌ನಲ್ಲಿ ತಮ್ಮ ತಮ್ಮ ಮತ ಹಾಕಿ ಕಳಿಸಿದರು. ಕೊನೆಗೆ ಕೆನಡಿ 115 ಮತದಿಂದ ಗೆದ್ದದ್ದು ಅಂತಾಯಿತು. ಉಳಿದ ಐವರು ಬೇರೆ ಬೇರೆ ಕಡೆ ಕೂತು ಮತ ಕೂಡಿಸಿ ಲೆಕ್ಕ ತಾಳೆ ನೋಡಲಿ. 1961ರ ಜನವರಿ 6ರಂದು ಸಂಸತ್ತಿನಲ್ಲಿ ಎಣಿಕೆ ನಡೆದಾಗ ಪೀಠದಲ್ಲಿದ್ದವರು ಉಪಾಧ್ಯಕ್ಷ ನಿಕ್ಸನ್ ಅವರೇ. ಹವಾಯಿಯ ಮತವನ್ನು ಕೆನಡಿಗೆ ಎಣಿಸಲು ಒಪ್ಪಿ, ತಮ್ಮ ಸೋಲನ್ನು ತಾವೇ ಘೋಷಿಸಿದರು. ಆ ಘೋಷಣೆಯನ್ನು ನಿಕ್ಸನ್ ಪಾತ್ರ ಮಾಡಿದ ವಿದ್ಯಾರ್ಥಿಯಿಂದಲೇ ಓದಿಸಿ. ಹವಾಯಿ ಗುಂಪಿಗೆ ಮಾತ್ರ ಫಲಿತಾಂಶ ಮೊದಲೇ ಹೇಳಬೇಡಿ.